ಅಡುಗೆಮನೆ ಅಂಚೆ: ಕಳ್ಳ ಒಬ್ಬನೇ, ಹೆಸರು ನೀರು

ಈ ಸಲ ಬಂದ ಪತ್ರಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಎಲ್ಲವೂ ಮನೆಯಲ್ಲೇ ಪಾರ್ಟಿ ತಿಂಡಿ ಮಾಡಲು ಹೊರಟು ಪೇಚಿಗೆ ಸಿಕ್ಕವರ ಪತ್ರಗಳು. ಒಬ್ಬರ ಚಾಕೊಲೇಟ್ ಗಂಟಾಗಿದೆ. ಇನ್ನೊಬ್ಬರ ಆಲೂಗೆಡ್ಡೆ ಫ್ರೈ ಮೆತ್ತಗಾಗಿದೆ. ಮತ್ತೊಬ್ಬರ ಸ್ಯಾಂಡ್‌ವಿಚ್ ಒದ್ದೆ ಬಟ್ಟೆ ಥರ ಆಗಿದೆ. ಓದುತ್ತಾ ಓದುತ್ತಾ ನಗು ಬಂತು. ದೂರು ಬೇರೆ ಬೇರೆ, ಕಳ್ಳ ಮಾತ್ರ ಒಬ್ಬನೇ. ನೀರು! ಇರಬೇಕಾದ ಕಡೆ ಇರುವುದಿಲ್ಲ, ಇರಬಾರದ ಕಡೆ ಬಂದು ಕೂತಿರುತ್ತದೆ. 30 ವರ್ಷ ಮನೆಯಿಂದಲೇ ಪಾರ್ಟಿ ಆರ್ಡರ್ ಮಾಡಿಕೊಟ್ಟವಳು ನಾನು. ಈ ಕಳ್ಳ ನನ್ನನ್ನೂ ಎಷ್ಟೋ ಸಲ ಅಳಿಸಿದ್ದಾನೆ.

ಪ್ರಶ್ನೆ: ಅಕ್ಕಾ, ಮಗಳ ಹುಟ್ಟುಹಬ್ಬಕ್ಕೆ ಸ್ಟ್ರಾಬೆರಿ ಹಣ್ಣುಗಳನ್ನು ಚಾಕೊಲೇಟಿನಲ್ಲಿ ಅದ್ದಿಡೋಣ ಅಂತ ಅರ್ಧ ಕಿಲೋ ಚಾಕೊಲೇಟ್ ಕರಗಿಸಲು ಇಟ್ಟೆ. ಚೆನ್ನಾಗಿಯೇ ಕರಗುತ್ತಿತ್ತು. ಇದ್ದಕ್ಕಿದ್ದ ಹಾಗೆ ಒದ್ದೆ ಮಣ್ಣಿನ ಥರ ಗಂಟುಗಂಟಾಯ್ತು. ಅಷ್ಟನ್ನೂ ಎಸೆದೆ. ನಾನು ಮಾಡಿದ ತಪ್ಪೇನು?

ಉತ್ತರ: ಎಸೆದದ್ದೇ ತಪ್ಪು ಕಣಮ್ಮ!

ಚಾಕೊಲೇಟ್ ಅಂದರೆ ಕೊಕ್ಕೊ ಬೆಣ್ಣೆಯಲ್ಲಿ ತೇಲುತ್ತಿರುವ ಸಕ್ಕರೆ ಪುಡಿ ಮತ್ತು ಕೊಕ್ಕೊ ಪುಡಿ. ಅದರಲ್ಲಿ ನೀರಿನ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೆ ಒಂದು ಹನಿ ನೀರು ಬಿತ್ತು ಅನ್ನಿ, ಸಕ್ಕರೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸಕ್ಕರೆ ಡಬ್ಬಕ್ಕೆ ಒದ್ದೆ ಚಮಚ ಹಾಕಿದರೆ ಉಂಡೆ ಕಟ್ಟುವುದಿಲ್ಲವೇ? ಹಾಗೇ.

ಇದನ್ನು ಸರಿಮಾಡುವ ದಾರಿ ಕೇಳಿದರೆ ನೀವು ನಂಬೋದಿಲ್ಲ. ಇನ್ನೂ ನೀರು ಹಾಕಬೇಕು! ಬಿಸಿ ಹಾಲನ್ನೋ ಕ್ರೀಮನ್ನೋ ಒಂದೊಂದೇ ಚಮಚ ಹಾಕಿ ತಿರುಗಿಸುತ್ತಾ ಹೋಗಿ. ಎರಡು ಮೂರು ಚಮಚ ಬೀಳುವವರೆಗೆ ಕೆಟ್ಟೇಹೋಯ್ತು ಅನ್ನಿಸುತ್ತದೆ. ಕೈ ನಿಲ್ಲಿಸಬೇಡಿ. ಸಕ್ಕರೆ ಪೂರ್ತಿ ಕರಗುವಷ್ಟು ನೀರು ಸಿಕ್ಕಿದ ಕೂಡಲೇ ಗಂಟು ಬಿಟ್ಟುಕೊಂಡು ಮಿರಮಿರ ಮಿಂಚುವ ಸಾಸ್ ಆಗುತ್ತದೆ. ಇದು ಹಣ್ಣಿನ ಮೇಲೆ ಗಟ್ಟಿ ಕವಚವಾಗಿ ಕೂರುವುದಿಲ್ಲ, ನಿಜ. ಆದರೆ ಕೇಕಿನ ಮೇಲೆ ಸುರಿಯಲು, ಐಸ್‌ಕ್ರೀಮ್ ಜೊತೆ ಕೊಡಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಆ ಹನಿ ಎಲ್ಲಿಂದ ಬಂತು ಅಂತ ಯೋಚಿಸುತ್ತಿದ್ದೀರಲ್ವಾ? ನನ್ನದೇ ಕತೆ ಹೇಳುತ್ತೇನೆ. ಮೊದಮೊದಲು ಆರ್ಡರ್ ಹಿಡಿದಿದ್ದ ದಿನಗಳು. ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟ್ ಕರಗಿಸಿದೆ. ಅಚ್ಚುಕಟ್ಟಾಗಿ ಕರಗಿತು. ಬಟ್ಟಲೆತ್ತಿ ಎರಡನೇ ಪಾತ್ರೆಗೆ ಬಗ್ಗಿಸಿದೆ. ಬಟ್ಟಲಿನ ತಳದಲ್ಲಿ ಆವಿಯ ಹನಿಗಳು ಸಾಲಾಗಿ ನಿಂತಿದ್ದವು. ಬಗ್ಗಿಸಿದ್ದೇ ತಡ, ಒಂದೊಂದಾಗಿ ಜಾರಿ ಕೆಳಗಿನ ಚಾಕೊಲೇಟಿಗೆ ಬಿದ್ದವು. ನಾನು ನೋಡುತ್ತಲೇ ಇದ್ದೆ. ಅವತ್ತಿನಿಂದ ನನ್ನ ಹೆಗಲ ಮೇಲೆ ಒಣ ಬಟ್ಟೆ ಇಲ್ಲದೆ ಚಾಕೊಲೇಟ್ ಮುಟ್ಟಿಲ್ಲ. ಬಟ್ಟಲು ಎತ್ತಿದ ತಕ್ಷಣ ತಳ ಒರೆಸಿ. ಸ್ಟ್ರಾಬೆರಿಯನ್ನು ತೊಳೆದು, ಬಟ್ಟೆ ಮೇಲೆ ಹರಡಿ, ಒಂದೊಂದನ್ನೂ ತೊಟ್ಟಿನ ಸಂದಿಯವರೆಗೆ ಒರೆಸಿ. ತೊಟ್ಟಿನ ಬುಡದಲ್ಲೇ ನೀರು ಅಡಗಿ ಕೂತಿರುತ್ತದೆ.

ಕವಚ ಹೊಳೆಯಬೇಕು, ಟಕ್ ಅಂತ ಮುರಿಯಬೇಕು ಅಂದರೆ ಶಾಖದ ಲೆಕ್ಕವೂ ಬೇಕು. ಕಪ್ಪು ಚಾಕೊಲೇಟನ್ನು 45 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿಸಿ, 27ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸುತ್ತಾರೆ. ಥರ್ಮಾಮೀಟರ್ ಇಲ್ಲದವರು ಮೂರರಲ್ಲಿ ಎರಡು ಪಾಲು ಕರಗಿಸಿ, ಒಲೆಯಿಂದ ಇಳಿಸಿ, ಉಳಿದ ಪಾಲನ್ನು ಸಣ್ಣಗೆ ಹೆಚ್ಚಿ ಹಾಕಿ ತಿರುಗಿಸಿ. ಒಂದು ಹನಿ ಕೆಳದುಟಿಗೆ ತಾಗಿಸಿದಾಗ ತುಸು ತಣ್ಣಗನ್ನಿಸಿದರೆ ಹದ ಬಂದ ಹಾಗೆ.

ಪ್ರಶ್ನೆ: ಅಂಗಡಿಯ ಆಲೂಗೆಡ್ಡೆ ಫ್ರೈ ಗರಿಗರಿ ಇರುತ್ತದೆ. ನಾನು ಕರಿದದ್ದು ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗೆ. ಮಕ್ಕಳು ಮುಖ ಸಿಂಡರಿಸುತ್ತಾರೆ.

ಉತ್ತರ: ಕರಿದ ಮೇಲೆ ಏನು ಮಾಡಿದಿರಿ ಅಂತ ಬರೆದಿಲ್ಲ. ನಾನೇ ಊಹಿಸುತ್ತೇನೆ. ಡಬ್ಬಕ್ಕೆ ತುಂಬಿ, ಬಿಸಿ ಆರದಿರಲಿ ಅಂತ ಮುಚ್ಚಳ ಹಾಕಿದಿರಿ. ಹೌದು ತಾನೆ? ಒಳಗಿನ ಆವಿ ಹೋಗಲು ಜಾಗ ಇಲ್ಲದೆ ತಿರುಗಿ ಅದರ ಮೇಲೆಯೇ ಕೂತಿತು.

ಹೀಗೆ ಮಾಡಿ ನೋಡಿ. ಉದ್ದಕ್ಕೆ ಹೆಚ್ಚಿದ ಆಲೂಗೆಡ್ಡೆಯನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ. ಮೇಲಿನ ಪಿಷ್ಟ ನೀರಿಗೆ ಬಿಟ್ಟು ನೀರು ಬೆಳ್ಳಗಾಗುತ್ತದೆ. ಅದನ್ನು ಚೆಲ್ಲಿ, ಬಟ್ಟೆ ಮೇಲೆ ಹರಡಿ ಚೆನ್ನಾಗಿ ಒರೆಸಿ. ಈ ಒರೆಸುವ ಕೆಲಸದಲ್ಲೇ ಎಲ್ಲರೂ ಸೋಮಾರಿಗಳು. ಒದ್ದೆ ಇದ್ದರೆ ಎಣ್ಣೆ ಸಿಡಿಯುತ್ತದೆ, ಜೊತೆಗೆ ಎಣ್ಣೆಯ ಶಾಖವೆಲ್ಲ ಆ ನೀರನ್ನು ಓಡಿಸುವುದಕ್ಕೇ ಖರ್ಚಾಗುತ್ತದೆ. ಆಮೇಲೆ ಎರಡು ಸಲ ಕರಿಯಿರಿ. ಮೊದಲು 150 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ, ಬಣ್ಣ ಬರಬಾರದು, ಒಳಗೆ ಬೆಂದರೆ ಸಾಕು. ತೆಗೆದು ಆರಲು ಬಿಡಿ. ಅತಿಥಿಗಳು ಬಂದು ಕೂತ ಮೇಲೆ 180 ಡಿಗ್ರಿಯಲ್ಲಿ ಎರಡು ನಿಮಿಷ. ಮರದ ಸೌಟಿನ ಹಿಡಿಯನ್ನು ಎಣ್ಣೆಗೆ ತಾಗಿಸಿದರೆ ಸುತ್ತ ಗುಳ್ಳೆ ಜೋರಾಗಿ ಏಳಬೇಕು. ಬಾಣಲೆ ತುಂಬ ತುರುಕಬೇಡಿ, ಎಣ್ಣೆ ತಣ್ಣಗಾಗುತ್ತದೆ. ತೆಗೆದದ್ದನ್ನು ತಂತಿ ಜಾಲರಿ ಮೇಲೆ ಹರಡಿ, ಗುಡ್ಡೆ ಹಾಕಬೇಡಿ. ಉಪ್ಪು ಕೊನೆಗೆ.

ಪ್ರಶ್ನೆ: ಬಿಸ್ಕೆಟ್ ಮತ್ತು ಕೇಕ್ ಎರಡನ್ನೂ ಹಿಂದಿನ ದಿನವೇ ಮಾಡಿ ಒಂದೇ ಡಬ್ಬದಲ್ಲಿಟ್ಟೆ. ಬಿಸ್ಕೆಟ್ ಮೆತ್ತಗಾಯ್ತು, ಕೇಕ್ ಒಣಗಿತು.

ಉತ್ತರ: ಕೇಕಿನ ನೀರನ್ನು ಬಿಸ್ಕೆಟ್ ಕುಡಿಯಿತು. ಬೇರೆ ಬೇರೆ ಡಬ್ಬ ಇಡಿ. ಮೆತ್ತಗಾದ ಬಿಸ್ಕೆಟನ್ನು ಓವನ್‌ನಲ್ಲಿ 150 ಡಿಗ್ರಿಗೆ ಐದು ನಿಮಿಷ ಇಟ್ಟು ಪೂರ್ತಿ ಆರಿಸಿ. ಮತ್ತೆ ಗರಿಯಾಗುತ್ತದೆ.

ಪ್ರಶ್ನೆ: ಅಮ್ಮಾ, ಬಾದಾಮಿ ಹಾಕಿ ಗಾಜಿನಂಥ ಸಕ್ಕರೆ ಬಿಲ್ಲೆ ಮಾಡಲು ಎರಡು ಸಲ ನೋಡಿದೆ. ಎರಡು ಸಲವೂ ಪಾಕ ಮರಳು ಮರಳಾಗಿ ಬೆಳ್ಳಗೆ ಕಟ್ಟಿಕೊಂಡಿತು. ನಾನಂತೂ ಕೈ ಬಿಡದೆ ತಿರುಗಿಸುತ್ತಲೇ ಇದ್ದೆ.

ಉತ್ತರ: ಕೈ ಬಿಡದೆ ತಿರುಗಿಸಿದ್ದಕ್ಕೇ ಹಾಗಾಯ್ತು. ಬೇರೆ ಅಡುಗೆಗೆ ಒಳ್ಳೆಯ ಗುಣ, ಇಲ್ಲಿ ಅಲ್ಲ.

ಎರಡು ಲೋಟ ಸಕ್ಕರೆಗೆ ಅರ್ಧ ಲೋಟ ನೀರು, ಅರ್ಧ ಚಮಚ ನಿಂಬೆರಸ. ಸಕ್ಕರೆ ಕರಗುವವರೆಗೆ ಮಾತ್ರ ತಿರುಗಿಸಿ. ಕುದಿ ಬಂದ ಮೇಲೆ ಸೌಟನ್ನು ದೂರ ಇಟ್ಟುಬಿಡಿ. ಪಾತ್ರೆಯ ಅಂಚಿಗೆ ಸಿಡಿದ ಪಾಕ ಒಣಗಿ ಹರಳಾಗುತ್ತದೆ. ಅದರಲ್ಲಿ ಒಂದೇ ಒಂದು ಹರಳು ಒಳಗೆ ಬಿದ್ದರೂ ಸಾಕು, ಅದರ ಸುತ್ತ ಉಳಿದದ್ದೆಲ್ಲ ಸಾಲುಗಟ್ಟಿ ಕೂರುತ್ತದೆ. ತಿರುಗಿಸುತ್ತಾ ಇದ್ದರೆ ಆ ಹರಳುಗಳನ್ನು ನೀವೇ ಒಳಗೆ ತಳ್ಳಿದ ಹಾಗೆ. ಕುದಿ ಬಂದಾಗ ಎರಡು ನಿಮಿಷ ಮುಚ್ಚಳ ಮುಚ್ಚಿ. ಆವಿ ನೀರಾಗಿ ಇಳಿದು ಅಂಚನ್ನು ತಾನೇ ತೊಳೆಯುತ್ತದೆ. ನೋಡಿ, ಅಲ್ಲಿ ಬೈದೆ, ಇಲ್ಲಿ ಅದೇ ನೀರನ್ನು ಹೊಗಳಬೇಕಾಗಿದೆ. ನಿಂಬೆರಸ ಯಾಕೆಂದರೆ ಹುಳಿ ಒಂದಿಷ್ಟು ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಅಂತ ಒಡೆದುಬಿಡುತ್ತದೆ. ಅವು ನಡುವೆ ತೂರಿಕೊಂಡರೆ ಹರಳು ಕಟ್ಟುವುದಕ್ಕೆ ಸುಲಭವಾಗಿ ಬಿಡುವುದಿಲ್ಲ.

ಪಾಕ 150 ಡಿಗ್ರಿ ತಲುಪಬೇಕು. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು, ತೆಗೆದು ಮುರಿದು ನೋಡಿ. ಬಗ್ಗಿದರೆ ಇನ್ನೂ ಕಾಯಬೇಕು. ಟಕ್ ಅಂತ ಮುರಿದರೆ ಆಯ್ತು. ಆಗ ಒಂದು ಚಮಚ ಬೆಣ್ಣೆ, ಹುರಿದ ಬಾದಾಮಿ, ಕೊನೆಗೆ ಅರ್ಧ ಚಮಚ ಅಡುಗೆ ಸೋಡ. ಸೋಡ ಬಿದ್ದ ಕೂಡಲೇ ನೊರೆನೊರೆಯಾಗಿ ಉಬ್ಬುತ್ತದೆ, ಹೆದರಬೇಡಿ. ಆ ಗುಳ್ಳೆಗಳಿಂದಲೇ ಬಿಲ್ಲೆ ಹಲ್ಲಿಗೆ ಹಗುರವಾಗುವುದು. ಬೆಣ್ಣೆ ಸವರಿದ ತಟ್ಟೆಗೆ ಸುರಿದು, ಆರಿದ ತಕ್ಷಣ ಬಿಗಿ ಡಬ್ಬಕ್ಕೆ ಹಾಕಿ. ಹೊರಗಿಟ್ಟರೆ ಗಾಳಿಯ ತೇವ ಹೀರಿ ಜಿಗುಟಾಗುತ್ತದೆ.

ಒಂದು ಎಚ್ಚರಿಕೆ. ಕುದಿಯುವ ನೀರು 100 ಡಿಗ್ರಿ. ಈ ಪಾಕ 150, ಅದೂ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮಕ್ಕಳನ್ನು ಒಲೆ ಹತ್ತಿರ ಬಿಡಬೇಡಿ. ಸಿಡಿದರೆ 20 ನಿಮಿಷ ನಲ್ಲಿಯ ತಣ್ಣೀರಿಗೆ ಹಿಡಿಯಿರಿ. ಐಸ್ ಬೇಡ, ಬೆಣ್ಣೆಯೂ ಬೇಡ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಇವತ್ತಿಗೂ ಬಟಾಣಿಯಷ್ಟು ಕಲೆ ಇದೆ.

ಹಾಂ, ಮರಳಾದ ಪಾಕವನ್ನು ಎಸೆಯಬೇಡಿ. ಅರ್ಧ ಲೋಟ ನೀರು ಹಾಕಿ ಕರಗಿಸಿ ಮೊದಲಿಂದ ಶುರುಮಾಡಿ.

ಪ್ರಶ್ನೆ: ಪಾಪ್‌ಕಾರ್ನ್ ಮಾಡಿದರೆ ಅರ್ಧ ಕಾಳು ಅರಳುವುದೇ ಇಲ್ಲ. ಬೆಂಕಿ ಸಾಲದೇ?

ಉತ್ತರ: ಬೆಂಕಿಯಲ್ಲ, ಇಲ್ಲಿ ನೀರು ಸಾಲದು. ಒಳ್ಳೆಯ ಕಾಳಿನಲ್ಲಿ ಶೇಕಡಾ 14ರಷ್ಟು ತೇವ ಇರುತ್ತದೆ. ಶಾಖ 180 ಡಿಗ್ರಿಗೆ ಹತ್ತಿರ ಬಂದಾಗ ಆ ನೀರಿನ ಆವಿಯೇ ಸಿಪ್ಪೆ ಸಿಡಿಸುವುದು. ಡಬ್ಬದ ಮುಚ್ಚಳ ಸಡಿಲ ಇದ್ದರೆ ಕಾಳು ಒಣಗುತ್ತದೆ. ಮೂರು ಲೋಟ ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಬಿಗಿಯಾಗಿ ಮುಚ್ಚಿ, ಆಗಾಗ ಕುಲುಕುತ್ತಾ ಮೂರು ದಿನ ಬಿಡಿ. ಆಮೇಲೆ ಹುರಿಯುವಾಗ ಮುಚ್ಚಳ ಸ್ವಲ್ಪ ಓರೆ ಇರಲಿ. ಅರಳಿದ ಮೇಲೆ ಆವಿಗೆ ಅಲ್ಲೇನೂ ಕೆಲಸ ಇಲ್ಲ.

ಪ್ರಶ್ನೆ: ಬೆಳಗ್ಗೆ ಹತ್ತು ಗಂಟೆಯ ಪಾರ್ಟಿಗೆ ರಾತ್ರಿಯೇ ಸ್ಯಾಂಡ್‌ವಿಚ್ ಮಾಡಿಟ್ಟರೆ ಒದ್ದೆಯಾಗುತ್ತದೆ. ಬೆಳಗ್ಗೆ ಮಾಡಲು ಸಮಯ ಇಲ್ಲ.

ಉತ್ತರ: ಕೆಲಸವನ್ನು ಎರಡು ಭಾಗ ಮಾಡಿ. ರಾತ್ರಿ ಒಳಗಿನ ಸಾಮಾನು, ಬೆಳಗ್ಗೆ ಜೋಡಣೆ. ಬ್ರೆಡ್ಡಿಗೆ ಬೆಣ್ಣೆಯನ್ನು ಅಂಚಿನವರೆಗೂ ಸವರಿ. ನಡುವೆ ಮಾತ್ರ ಸವರಿದರೆ ಅದು ರುಚಿಗೆ. ಅಂಚಿನವರೆಗೆ ಸವರಿದರೆ ನೀರಿಗೆ ಗೋಡೆ. ಸೌತೆಕಾಯಿ ಬಿಲ್ಲೆಗೆ ಉಪ್ಪು ಹಚ್ಚಿ ಕಾಲು ಗಂಟೆ ಬಿಟ್ಟು ಒತ್ತಿ ಒರೆಸಿ. ಟೊಮೆಟೊದ ಬೀಜ, ರಸ ತೆಗೆದುಬಿಡಿ. ಬ್ರೆಡ್ಡನ್ನು ಮಾತ್ರ ಫ್ರಿಜ್‌ನಲ್ಲಿಡಬೇಡಿ, ಅಲ್ಲಿ ಹೊರಗಿಗಿಂತ ಬೇಗ ಗಡುಸಾಗುತ್ತದೆ. ಜೋಡಿಸಿದ ಮೇಲೆ ಗಟ್ಟಿಯಾಗಿ ಹಿಂಡಿದ ಒದ್ದೆ ಬಟ್ಟೆ ಮುಚ್ಚಿ. ಒಳಗೆ ಒಣಗಿರಬೇಕು, ಹೊರಗೆ ಒಣಗಬಾರದು.

ಪ್ರಶ್ನೆ: ಮಗನ ಗೆಳೆಯನಿಗೆ ಕಡಲೆಕಾಯಿ ಬೀಜ ಅಲರ್ಜಿಯಂತೆ. ಅವನ ತಟ್ಟೆಯಿಂದ ಬೀಜ ಆರಿಸಿ ತೆಗೆದುಕೊಟ್ಟರೆ ಸಾಕಲ್ಲವೇ?

ಉತ್ತರ: ಸಾಲದು, ಖಂಡಿತ ಸಾಲದು. ಬೀಜದ ಪುಡಿಯಷ್ಟು ಉಳಿದರೂ ಅಪಾಯ. ಹುರಿದರೂ ಕರಿದರೂ ಅಲರ್ಜಿ ತರುವ ಅಂಶ ಹೋಗುವುದಿಲ್ಲ. ಆ ದಿನ ಮನೆಯಲ್ಲಿ ಕಡಲೆಕಾಯಿ ಬೀಜವೇ ಬೇಡ ಅಂತ ನಿರ್ಧರಿಸಿಬಿಡಿ, ತಲೆನೋವು ತಪ್ಪುತ್ತದೆ. ಕೊಂಡ ಪೊಟ್ಟಣಗಳ ಮೇಲಿನ ಬರಹ ಓದಿ, ಆ ಮಗುವಿನ ತಾಯಿಗೂ ತೋರಿಸಿ. ಕೈ ತೊಳೆಯಲು ಸೋಪು ನೀರೇ ಬೇಕು, ಸ್ಯಾನಿಟೈಸರಿನಿಂದ ಅದು ಹೋಗುವುದಿಲ್ಲ. ಚಿಕ್ಕ ಮಕ್ಕಳೂ ಬರುವುದಾದರೆ ಇನ್ನೊಂದು ಮಾತು. ಐದು ವರ್ಷದೊಳಗಿನವರಿಗೆ ಇಡೀ ಬೀಜ, ಪಾಪ್‌ಕಾರ್ನ್ ಎರಡೂ ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಮೇಡಂ, ಪ್ರತಿ ಸಲ ನಮ್ಮ ಮನೆಯಲ್ಲಿ 20 ಜನ ಸೇರಿದಾಗ ನನ್ನ ಹೆಂಡತಿ ಹನ್ನೆರಡು ಬಗೆ ತಿಂಡಿ ಮಾಡುತ್ತಾಳೆ. ಪಾರ್ಟಿ ಮುಗಿಯುವವರೆಗೆ ಅಡುಗೆಮನೆಯಿಂದ ಹೊರಗೇ ಬರುವುದಿಲ್ಲ. ಹೇಳಿದರೆ ಕೇಳುವುದಿಲ್ಲ. ನೀವಾದರೂ ಹೇಳಿ.

ಉತ್ತರ: ಅವರಿಗೆ ಆಮೇಲೆ ಹೇಳುತ್ತೇನೆ, ಮೊದಲು ನಿಮಗೆ.

ಹನ್ನೆರಡು ಬಗೆ ಜಾಸ್ತಿಯೇ, ಒಪ್ಪಿದೆ. ಐದು ಸಾಕು. ಮೂರು ಹಿಂದಿನ ದಿನವೇ ಆಗುವಂಥವು: ಬಿಸ್ಕೆಟ್, ಕೇಕ್, ಸಕ್ಕರೆ ಬಿಲ್ಲೆ. ಒಂದು ಬೆಳಗ್ಗೆ ಜೋಡಿಸುವಂಥದ್ದು. ಬಿಸಿಬಿಸಿ ಕರಿಯುವುದು ಒಂದೇ ಒಂದು. ಎರಡು ಬಿಸಿ ತಿಂಡಿ ಇಟ್ಟುಕೊಂಡರೆ ಒಬ್ಬರು ಒಲೆಗೆ ಕಟ್ಟುಬಿದ್ದ ಹಾಗೆಯೇ. ಕುಡಿಯಲು ಹಣ್ಣಿನ ರಸ ಇದ್ದರೆ ಅದೇ ರಸವನ್ನು ಐಸ್ ಟ್ರೇಗೆ ಹಾಕಿ ಗಟ್ಟಿ ಮಾಡಿಡಿ. ಕರಗಿದರೂ ಲೋಟ ನೀರುನೀರಾಗುವುದಿಲ್ಲ.

ಕ್ರೀಮ್, ಮೊಟ್ಟೆ, ಚೀಸ್ ಇರುವ ತಿಂಡಿ ಹೊರಗೆ ಎರಡು ಗಂಟೆ ಮೀರಿ ಇರಬಾರದು. 32 ಡಿಗ್ರಿ ದಾಟಿದ ಸೆಕೆಯಿದ್ದರೆ ಒಂದೇ ಗಂಟೆ. 5ರಿಂದ 60 ಡಿಗ್ರಿ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಅದಕ್ಕೇ ಎಲ್ಲವನ್ನೂ ಒಂದೇ ಸಲ ಮೇಜಿಗೆ ತರಬೇಡಿ. ಅರ್ಧ ಫ್ರಿಜ್‌ನಲ್ಲಿರಲಿ, ತಟ್ಟೆ ಖಾಲಿಯಾದಾಗ ಹೊಸ ತಟ್ಟೆ ತನ್ನಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಗಡಿಯಾರ ನೋಡಿಕೊಂಡು ಈ ತಟ್ಟೆ ಬದಲಿಸುವ ಕೆಲಸ ನಿಮ್ಮದು.

ಇನ್ನೊಂದು ಕೆಲಸವೂ ಇದೆ. ಆಲೂಗೆಡ್ಡೆ ಒರೆಸುವುದರಲ್ಲಿ ಎಲ್ಲರೂ ಸೋಮಾರಿಗಳು ಅಂತ ಮೇಲೆ ಬರೆದೆನಲ್ಲ? 20 ಜನಕ್ಕೆ ಮೂರು ಕಿಲೋ ಬೇಕು. ಎರಡು ಒಣ ಟವೆಲ್ ತೆಗೆದುಕೊಂಡು ಕೂತುಕೊಳ್ಳಿ, ಅರ್ಧ ಗಂಟೆಯ ಕೆಲಸ. ಆಮೇಲೆ ಬಾಣಲೆ ಹತ್ತಿರವೂ ನೀವೇ ನಿಲ್ಲಿ. ಹೆಂಡತಿ ಹೊರಗೆ ಬರುತ್ತಾರೋ ಇಲ್ಲವೋ ನೋಡಿ ಮುಂದಿನ ಸಲ ನನಗೆ ಬರೆಯಿರಿ.