ಚೆಚೆನ್ಯಾ: ದೇಶ ಯಾರದು ಎಂಬ ಪ್ರಶ್ನೆ ಬೇರೆ, ಮಗ ಎಲ್ಲಿ ಎಂಬ ಪ್ರಶ್ನೆ ಬೇರೆ

ಪ್ರಶ್ನೆ: ಸೋವಿಯತ್ ಒಕ್ಕೂಟ ಒಡೆದಾಗ ಪುಟ್ಟ ಮೊಲ್ಡೊವಾ ಕೂಡ ಸ್ವತಂತ್ರ ದೇಶವಾಯಿತು. ರಷ್ಯಾದ ದಕ್ಷಿಣ ಅಂಚಿನ ಚೆಚೆನ್ಯಾ ಏಕೆ ಆಗಲಿಲ್ಲ? ಸ್ವಯಂನಿರ್ಣಯದ ಹಕ್ಕು ಅವರಿಗಿಲ್ಲವೆ?

ಉತ್ತರ: ಒಂದೇ ಒಂದು ಮೆಟ್ಟಿಲಿನ ವ್ಯತ್ಯಾಸ. 1977ರ ಸೋವಿಯತ್ ಸಂವಿಧಾನದ 72ನೇ ವಿಧಿ ಒಕ್ಕೂಟ ಬಿಟ್ಟುಹೋಗುವ ಹಕ್ಕು ಕೊಟ್ಟಿದ್ದು ಒಕ್ಕೂಟ ಗಣರಾಜ್ಯಗಳಿಗೆ ಮಾತ್ರ. ಕೊನೆಯಲ್ಲಿ ಅವು 15 ಇದ್ದವು, ಮೊಲ್ಡೊವಾ ಅವುಗಳಲ್ಲೊಂದು. ಚೆಚೆನ್–ಇಂಗುಷ್ ಪ್ರದೇಶವಾದರೋ ರಷ್ಯಾ ಗಣರಾಜ್ಯದ ಒಳಗಿನ ‘ಸ್ವಾಯತ್ತ ಗಣರಾಜ್ಯ’. ಯಾರು ಯಾವ ಮೆಟ್ಟಿಲ ಮೇಲೆ ಎಂದು ಮಾಸ್ಕೋ ಅಲ್ಲಿನ ಜನರನ್ನು ಕೇಳಿ ನಿರ್ಧರಿಸಿರಲಿಲ್ಲ. ಆದರೂ 1991ರಲ್ಲಿ ಹೊರಜಗತ್ತು ಹೊಸ ದೇಶಗಳಿಗೆ ಮಾನ್ಯತೆ ಕೊಟ್ಟದ್ದು ಅದೇ ಗೆರೆಗಳನ್ನು ಹಿಡಿದು. ಆ ವರ್ಷ ನವೆಂಬರ್ 1ರಂದು ಚೆಚೆನ್ ನಾಯಕ ಝೋಖರ್ ದುದಾಯೆವ್ ಸ್ವಾತಂತ್ರ್ಯ ಘೋಷಿಸಿದಾಗ ಅದನ್ನು ಎತ್ತಿಕೊಳ್ಳುವವರು ಯಾರೂ ಇರಲಿಲ್ಲ.

ಚೆಚೆನ್ನರ ಹಟದ ಮೂಲ ಇನ್ನೂ ಹಿಂದಿನದು. 1944ರ ಫೆಬ್ರುವರಿ 23ರಂದು ಶುರುವಾದ ಕಾರ್ಯಾಚರಣೆಯಲ್ಲಿ ಸ್ಟಾಲಿನ್ ಸರ್ಕಾರ ಸುಮಾರು 5 ಲಕ್ಷ ಚೆಚೆನ್ ಮತ್ತು ಇಂಗುಷ್ ಜನರನ್ನು ಗೂಡ್ಸ್ ರೈಲಿಗೆ ತುಂಬಿ ಕಝಾಕ್‌ಸ್ತಾನ, ಕಿರ್ಗಿಸ್ತಾನಗಳಿಗೆ ಅಟ್ಟಿತು. ಮರಳಲು ಅನುಮತಿ ಸಿಕ್ಕಿದ್ದು 1957ರಲ್ಲಿ. ‘ಈ ರಾಜ್ಯದೊಳಗೆ ನಮಗೆ ರಕ್ಷಣೆಯಿಲ್ಲ’ ಎಂಬ ವಾದ ಹುಟ್ಟಿದ್ದು ಅಲ್ಲಿ.

ಕಾನೂನು ಏನನ್ನುತ್ತದೆ? ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 1ನೇ ವಿಧಿಯಲ್ಲಿ ‘ಎಲ್ಲ ಜನಾಂಗಗಳಿಗೂ’ ಸ್ವಯಂನಿರ್ಣಯದ ಹಕ್ಕಿದೆ. 1970ರ ವಿಶ್ವಸಂಸ್ಥೆ ಘೋಷಣೆ, ಭೇದವಿಲ್ಲದೆ ಎಲ್ಲರನ್ನೂ ಪ್ರತಿನಿಧಿಸುವ ಸರ್ಕಾರವಿರುವ ದೇಶವನ್ನು ಒಡೆಯಬಾರದು ಎನ್ನುತ್ತದೆ. ಹಾಗಾದರೆ ತುಳಿಯುವ ಸರ್ಕಾರವಿದ್ದಲ್ಲಿ ಬೇರೆಯಾಗಬಹುದೆ? ಕೆಲವು ಪಂಡಿತರು ಹೌದೆನ್ನುತ್ತಾರೆ. ಕ್ವಿಬೆಕ್ ಪ್ರಾಂತ್ಯದ ವಿಚಾರದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ (1998), ಸರ್ಬಿಯಾದಿಂದ ಬೇರೆಯಾಗುತ್ತೇನೆಂದ ಕೊಸೊವೊ ವಿಚಾರದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ (2010), ಎರಡೂ ಆ ಪ್ರಶ್ನೆಗೆ ಖಚಿತ ಉತ್ತರ ಕೊಡದೆ ಪಕ್ಕಕ್ಕೆ ಸರಿದವು. ಭಾರತವಂತೂ 1979ರಲ್ಲಿ ಒಡಂಬಡಿಕೆಗೆ ಸೇರುವಾಗಲೇ, ಈ ಹಕ್ಕು ವಿದೇಶಿ ಆಳ್ವಿಕೆಯಲ್ಲಿರುವ ಜನರಿಗೆ ಮಾತ್ರ ಎಂದು ಬರೆದುಕೊಟ್ಟಿದೆ.

ಒಮ್ಮೆ ಮಾತುಕತೆಯ ಬಾಗಿಲು ತೆರೆದಿತ್ತು. ಮೊದಲ ಯುದ್ಧ (1994–96) ನಿಲ್ಲಿಸಿದ ಖಸಾವ್ಯುರ್ತ್ ಒಪ್ಪಂದ, ಸ್ಥಾನಮಾನದ ಪ್ರಶ್ನೆಯನ್ನು 2001ರ ಡಿಸೆಂಬರ್ 31ರೊಳಗೆ ಬಗೆಹರಿಸೋಣ ಎಂದಿತು. 1999ರ ಆಗಸ್ಟಿನಲ್ಲಿ ಚೆಚೆನ್ ಕಮಾಂಡರ್ ಬಸಾಯೆವ್ ಮತ್ತು ಅರಬ್ ಮೂಲದ ಹೋರಾಟಗಾರ ಖತ್ತಾಬ್ ಅವರ ಪಡೆಗಳು ರಷ್ಯಾದೊಳಗಿನ ನೆರೆಯ ಗಣರಾಜ್ಯ ದಾಗೆಸ್ತಾನಕ್ಕೆ ನುಗ್ಗಿದವು. ಶರತ್ಕಾಲದಲ್ಲಿ ರಷ್ಯಾದ ಸೇನೆ ಮತ್ತೆ ಬಂತು, ಎರಡನೇ ಯುದ್ಧ ಶುರುವಾಯಿತು. ಗಡುವು ಬರುವ ಹೊತ್ತಿಗೆ ಮಾತಾಡಲು ಮೇಜೇ ಉಳಿದಿರಲಿಲ್ಲ.

ಪ್ರಶ್ನೆ: ಯುದ್ಧವೆಂದ ಮೇಲೆ ಬಾಂಬ್ ಬೀಳುತ್ತದೆ, ಜನ ಸಾಯುತ್ತಾರೆ. ಮಾನವ ಹಕ್ಕು ನ್ಯಾಯಾಲಯಕ್ಕೆ ಅಲ್ಲೇನು ಕೆಲಸ?

ಉತ್ತರ: ರಷ್ಯಾ ಇದನ್ನು ಯುದ್ಧವೆಂದು ಒಪ್ಪಿಕೊಳ್ಳಲೇ ಇಲ್ಲ, ‘ಭಯೋತ್ಪಾದನಾ ನಿಗ್ರಹ ಕಾರ್ಯಾಚರಣೆ’ ಎಂದಿತು. ಅದೇ ಅದಕ್ಕೆ ತಿರುಗುಬಾಣವಾಯಿತು. ಚೆಚೆನ್ಯಾದಲ್ಲಿ ಸೇನಾ ಕಾನೂನು ಜಾರಿಯಾಗಿರಲಿಲ್ಲ, ತುರ್ತು ಪರಿಸ್ಥಿತಿ ಘೋಷಣೆಯಾಗಿರಲಿಲ್ಲ, ಯುರೋಪಿಯನ್ ಮಾನವ ಹಕ್ಕು ಒಡಂಬಡಿಕೆಯ 15ನೇ ವಿಧಿಯಡಿ ವಿನಾಯಿತಿಯನ್ನೂ ಕೇಳಿರಲಿಲ್ಲ. ಹಾಗಿದ್ದ ಮೇಲೆ ಸಾಮಾನ್ಯ ಕಾಲದ ಅಳತೆಗೋಲಿನಿಂದಲೇ ಅಳೆಯುತ್ತೇವೆ ಎಂದಿತು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯ, 2005ರ ಫೆಬ್ರುವರಿ 24ರ ಮೊದಲ ತೀರ್ಪುಗಳಲ್ಲಿ. 2000ದ ಫೆಬ್ರುವರಿಯಲ್ಲಿ ಕತಿರ್–ಯುರ್ತ್ ಹಳ್ಳಿಯ ಮೇಲೆ ಬಿದ್ದದ್ದು ಎಫ್‌ಎಬಿ–250, ಎಫ್‌ಎಬಿ–500 ಬಾಂಬುಗಳು. ಹಾನಿಯ ವ್ಯಾಪ್ತಿ 1,000 ಮೀಟರಿಗೂ ಹೆಚ್ಚು. ಜನವಸತಿಯಲ್ಲಿ ಅಂಥದನ್ನು ಹಾಕುವುದಕ್ಕೂ ಜೀವ ಕಾಪಾಡುವ ಹೊಣೆಗೂ ತಾಳೆಯಾಗದು ಎಂಬುದು ತೀರ್ಪಿನ ತಿರುಳು.

ಪ್ರಶ್ನೆ: ಮುಖವಾಡ ಹಾಕಿದವರು ರಾತ್ರಿ ಬಂದು ಒಬ್ಬನನ್ನು ಹೊತ್ತೊಯ್ದರು. ಹೆಣವೂ ಇಲ್ಲ, ದಾಖಲೆಯೂ ಇಲ್ಲ. ಸರ್ಕಾರದ ಕೈವಾಡ ಸಾಬೀತು ಮಾಡುವುದು ಹೇಗೆ? (ಕಾನೂನು ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಎರಡನೇ ಯುದ್ಧದಲ್ಲಿ ಹೀಗೆ ಕಾಣೆಯಾದವರು 3,000ದಿಂದ 5,000 ಎಂಬುದು ಹಕ್ಕು ಸಂಘಟನೆಗಳ ಅಂದಾಜು. ಹಳ್ಳಿಯನ್ನು ಸುತ್ತುವರಿದು ಮನೆಮನೆ ಜಾಲಾಡುವುದಕ್ಕೆ ಸೈನಿಕರ ಬಾಯಲ್ಲಿ ‘ಝಚೀಸ್ತ್ಕಾ’ ಎಂಬ ಹೆಸರು. ಗುಡಿಸಿ ಚೊಕ್ಕಮಾಡುವುದು ಎಂದರ್ಥ.

ನೇರ ಸಾಕ್ಷ್ಯ ಸಿಗುವುದಿಲ್ಲ, ಸಣ್ಣ ಸಣ್ಣ ಸಂಗತಿಗಳನ್ನು ಹೆಣೆಯಬೇಕು. ಬಂದವರು ಎಷ್ಟು ಗಂಟೆಗೆ ಬಂದರು? ಕರ್ಫ್ಯೂ ಇತ್ತೆ? ಗಾಡಿ ಯಾವುದು, ಬಿಟಿಆರ್ ಎಂಬ ಕವಚ ವಾಹನವೊ, ಊರಾಲ್ ಲಾರಿಯೊ? ನಂಬರ್ ಪ್ಲೇಟಿಗೆ ಕೆಸರು ಬಳಿದಿತ್ತೆ? ಚೆಚೆನ್ ಛಾಯೆಯಿಲ್ಲದ ರಷ್ಯನ್ ಮಾತಾಡುತ್ತಿದ್ದರೆ? ಮುಂದಿನ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತಿತೆ, ತಡೆಯಿಲ್ಲದೆ ಹೋಯಿತೆ? ಈ ಕೊನೆಯದು ಬಹಳ ತೂಕದ ಅಂಶ. ಕರ್ಫ್ಯೂ ವೇಳೆ ಕವಚ ವಾಹನದಲ್ಲಿ ಸೇನೆಯ ತಡೆಗಳನ್ನು ದಾಟಿಹೋಗುವ ಶಕ್ತಿ ಬೇರೆ ಯಾರಿಗಿತ್ತು? ಇಷ್ಟನ್ನು ಕುಟುಂಬ ತೋರಿಸಿದರೆ ಉತ್ತರಿಸುವ ಹೊರೆ ಸರ್ಕಾರದ ಹೆಗಲಿಗೆ ಹೋಗುತ್ತದೆ. ಅಕ್ಕಪಕ್ಕದ ಮನೆಯವರ ಹೇಳಿಕೆಗಳನ್ನು ಬೇರೆಬೇರೆಯಾಗಿ ಬರೆಸಬೇಕು. ಒಬ್ಬರದೇ ನಕಲಿನಂತೆ ಐದು ಹೇಳಿಕೆಗಳಿದ್ದರೆ ಬೆಲೆ ಇಳಿಯುತ್ತದೆ.

ದೂರು ಬಾಯಿಮಾತಿನಲ್ಲಿ ಕೊಟ್ಟರೆ ಕೊಟ್ಟಂತಲ್ಲ. ಪ್ರಾಸಿಕ್ಯೂಟರ್, ಸೇನಾ ಕಮಾಂಡೆಂಟ್, ಪೊಲೀಸ್, ಮೂವರಿಗೂ ಲಿಖಿತವಾಗಿ ಕೊಟ್ಟು ಸೀಲು ಹಾಕಿದ ಪ್ರತಿ ಇಟ್ಟುಕೊಂಡವರ ಪ್ರಕರಣಗಳು ಗಟ್ಟಿಯಾಗಿ ನಿಂತವು. ಆಮೇಲೆ ಅಪಹರಣದ 126ನೇ ಕಲಮಿನಡಿ ಕೇಸು ಶುರುವಾಗುತ್ತಿತ್ತು. ತಿಂಗಳೆರಡರಲ್ಲಿ ‘ಆರೋಪಿಗಳು ಪತ್ತೆಯಾಗಿಲ್ಲ’ ಎಂದು ಅಮಾನತು. ನಮ್ಮ ಪೊಲೀಸರ ‘ಸಿ ರಿಪೋರ್ಟ್’ ಗೊತ್ತಿದ್ದವರಿಗೆ ಈ ರಾಗ ಹೊಸದಲ್ಲ. ಮತ್ತೆ ತೆರೆಯುವುದು, ಮತ್ತೆ ಅಮಾನತು. ಸಂತ್ರಸ್ತರೆಂಬ ಅಧಿಕೃತ ಸ್ಥಾನ ಸಿಗುವ ತನಕ ಮನೆಯವರಿಗೆ ಕಡತ ನೋಡಲೂ ಬಿಡುತ್ತಿರಲಿಲ್ಲ. ಸ್ಟ್ರಾಸ್‌ಬರ್ಗ್ ಕೇಳಿದಾಗಲೂ ಸರ್ಕಾರ ದಂಡಪ್ರಕ್ರಿಯಾ ಸಂಹಿತೆಯ 161ನೇ ಕಲಮು ತೋರಿಸಿ ಕಡತ ತಡೆಹಿಡಿಯುತ್ತಿತ್ತು. ನ್ಯಾಯಾಲಯ ಆ ಮೌನವನ್ನೇ ಸರ್ಕಾರದ ವಿರುದ್ಧ ಬಳಸಿತು.

ಅನೇಕರು ಎಡವಿದ್ದು ಸಮಯದಲ್ಲಿ. ‘ತನಿಖೆ ನಡೆಯುತ್ತಿದೆ’ ಎಂಬ ಪತ್ರ ನಂಬಿ ವರ್ಷಗಟ್ಟಲೆ ಸುಮ್ಮನಿದ್ದವರ ಕೆಲವು ಅರ್ಜಿಗಳು ತಡವೆಂದು ತಿರಸ್ಕೃತವಾದವು. ಕಾಣೆಯಾದ ಪ್ರಕರಣಗಳಲ್ಲಿ ಅರ್ಜಿ ಸಲ್ಲಿಸುವ ಗಡುವು ಸಡಿಲ, ಆದರೆ ನಡುನಡುವೆ ವಿಚಾರಿಸುತ್ತಲೇ ಇದ್ದರು ಎಂಬುದಕ್ಕೆ ಕಾಗದ ಬೇಕು.

ಮನೆಯವರ ಸಂಕಟವೂ ಲೆಕ್ಕಕ್ಕೆ ಬರುತ್ತದೆ. ಉತ್ತರವಿಲ್ಲದೆ ಅಲೆಸುವುದು ಅಮಾನವೀಯ ನಡವಳಿಕೆ, ಅಂದರೆ ಯುರೋಪಿಯನ್ ಒಡಂಬಡಿಕೆಯ 3ನೇ ವಿಧಿಯ ಪ್ರತ್ಯೇಕ ಉಲ್ಲಂಘನೆ. ಒಂದು ಪ್ರಕರಣದಲ್ಲಿ ತಾಯಿ ಮಗನನ್ನು ಕೊನೆಯದಾಗಿ ನೋಡಿದ್ದು ಟಿವಿ ವಾರ್ತೆಯಲ್ಲಿ: ಗಾಯಗೊಂಡು ನಿಂತವನನ್ನು ಮುಗಿಸಿಬಿಡಿ ಎಂದು ಜನರಲ್ ಒಬ್ಬ ಸೈನಿಕರಿಗೆ ಗದರುತ್ತಿದ್ದ. 2006ರ ಜುಲೈ 27ರಂದು ಬಂದ ಆ ತೀರ್ಪು ಚೆಚೆನ್ಯಾದ ಕಾಣೆ ಪ್ರಕರಣಗಳಲ್ಲಿ ಮೊದಲನೆಯದು.

ಪ್ರಶ್ನೆ: ಗೆದ್ದವರಿಗೆ ಸಿಕ್ಕಿದ್ದೇನು?

ಉತ್ತರ: ದುಡ್ಡು. ಹಲವು ಕಾಣೆ ಪ್ರಕರಣಗಳಲ್ಲಿ ಸುಮಾರು 60,000 ಯೂರೋ. ಬಹುಕಾಲ ರಷ್ಯಾ ಅದನ್ನು ಕಟ್ಟುತ್ತಲೂ ಬಂತು. ಆದರೆ ತಪ್ಪಿತಸ್ಥರು ಕಟಕಟೆಗೆ ಬರಲಿಲ್ಲವೆನ್ನಬೇಕು. ಚೆಚೆನ್ ಯುವತಿಯನ್ನು ಕೊಂದ ಕರ್ನಲ್ ಬುದಾನೊವ್‌ಗೆ 2003ರಲ್ಲಿ 10 ವರ್ಷ ಶಿಕ್ಷೆಯಾದಂಥವು ಅಪರೂಪ, ಅದೂ ಸ್ಟ್ರಾಸ್‌ಬರ್ಗ್ ತೀರ್ಪಿನಿಂದ ಅಲ್ಲ. ಇದು ಬಿಡಿ ಲೋಪವಲ್ಲ, ವ್ಯವಸ್ಥೆಯದೇ ರೋಗ ಎಂದು ನ್ಯಾಯಾಲಯ 2012ರ ಡಿಸೆಂಬರ್ 18ರಂದು ಹೇಳಿತು. ದಾಖಲೆ ಕಲೆಹಾಕುತ್ತಿದ್ದ ‘ಮೆಮೋರಿಯಲ್’ ಎಂಬ ಮಾನವ ಹಕ್ಕು ಸಂಸ್ಥೆಯ ನತಾಲಿಯಾ ಎಸ್ತೆಮಿರೊವಾ ಅವರನ್ನು 2009ರ ಜುಲೈ 15ರಂದು ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯ ಮನೆಯ ಬಳಿಯಿಂದ ಹೊತ್ತೊಯ್ದು ಕೊಂದರು.

ಪ್ರಶ್ನೆ: ರಷ್ಯಾದ ಬೆಸ್ಲಾನ್‌ನಲ್ಲಿ ಶಾಲೆ ಮಕ್ಕಳನ್ನು ಒತ್ತೆಯಿಟ್ಟ ಬಂಡುಕೋರರ ಪರ ಇಷ್ಟು ವಕಾಲತ್ತೇಕೆ?

ಉತ್ತರ: ಅವರ ಪರ ಅಲ್ಲ. 2004ರ ಸೆಪ್ಟೆಂಬರಿನ ಆ ಕೃತ್ಯದಲ್ಲಿ 330ಕ್ಕೂ ಹೆಚ್ಚು ಜನ ಸತ್ತರು, ಅರ್ಧಕ್ಕಿಂತ ಹೆಚ್ಚು ಮಕ್ಕಳು. ಜಿನೀವಾ ಒಪ್ಪಂದಗಳ ಸಾಮಾನ್ಯ 3ನೇ ವಿಧಿ ಒತ್ತೆ ಇರಿಸುವುದನ್ನು ಬಂಡುಕೋರರಿಗೂ ನಿಷೇಧಿಸುತ್ತದೆ. ಸ್ಟ್ರಾಸ್‌ಬರ್ಗ್‌ಗೆ ಹೋದವರು ಸಂತ್ರಸ್ತರೇ. ಮಕ್ಕಳು ಒಳಗಿರುವಾಗ ಟ್ಯಾಂಕ್, ಗ್ರೆನೇಡ್ ಲಾಂಚರ್ ಬಳಸಿದ್ದಕ್ಕೆ 2017ರಲ್ಲಿ ರಷ್ಯಾವನ್ನು ಹೊಣೆ ಮಾಡಿಸಿದರು.

ಪ್ರಶ್ನೆ: ಈಗ ಯಾವ ದಾರಿ ಉಳಿದಿದೆ?

ಉತ್ತರ: 2022ರ ಸೆಪ್ಟೆಂಬರ್ 16ರಿಂದ ರಷ್ಯಾ ಯುರೋಪಿಯನ್ ಒಡಂಬಡಿಕೆಯಲ್ಲಿಲ್ಲ. ಅದಕ್ಕೂ ಹಿಂದಿನ ಘಟನೆಗಳನ್ನಷ್ಟೇ ಆ ನ್ಯಾಯಾಲಯ ಕೇಳಬಲ್ಲದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ವೈಯಕ್ತಿಕ ದೂರು ಕೊಡುವ ಅವಕಾಶ ಇದೆ, ದೇಶದೊಳಗಿನ ದಾರಿಗಳೆಲ್ಲ ಮುಗಿದ ಮೇಲೆ. ಬಲವಂತದ ಕಣ್ಮರೆಗಳ ಕುರಿತ ವಿಶ್ವಸಂಸ್ಥೆ ಕಾರ್ಯತಂಡಕ್ಕೆ ಆ ಷರತ್ತೂ ಇಲ್ಲ, ವಕೀಲರೂ ಬೇಕಿಲ್ಲ. ಹೆಸರು, ಕಾಣೆಯಾದ ದಿನ ಮತ್ತು ಜಾಗ, ಒಯ್ದವರು ಯಾರೆಂಬ ಅನುಮಾನ, ಹುಡುಕಲು ಮಾಡಿದ ಪ್ರಯತ್ನ, ಬೇರೆಯವರು ಸಲ್ಲಿಸುವುದಾದರೆ ಕುಟುಂಬದ ಒಪ್ಪಿಗೆ, ಇಷ್ಟಿದ್ದರೆ ಅದನ್ನು ಸರ್ಕಾರದ ಮುಂದಿಟ್ಟು ಉತ್ತರ ಕೇಳುತ್ತಾರೆ. ಶಿಕ್ಷೆ ಕೊಡುವ, ಪರಿಹಾರ ಕೊಡಿಸುವ ಅಧಿಕಾರ ಆ ತಂಡಕ್ಕಿಲ್ಲ. ಆದರೆ ಆ ಮನುಷ್ಯ ಏನಾದ ಎಂಬುದು ತಿಳಿಯುವವರೆಗೆ ಅವನ ಹೆಸರು ಸಾಮಾನ್ಯವಾಗಿ ಬಾಕಿ ಪಟ್ಟಿಯಲ್ಲೇ ಇರುತ್ತದೆ.