ಟೋಕನ್ ಕೊಡುವ ಮುಂಚೆ ಪಾಯಾ ಕೇಳಿ

ಕುಸುಗಲ್ ರಸ್ತೆ ಕಡೆ ಹೊಸದಾಗಿ ಕಟ್ಟಿದ ಡ್ಯೂಪ್ಲೆಕ್ಸ್ ಇಷ್ಟವಾಗಿದೆ, ಇನ್ನೂ ಮೂರು ಪಾರ್ಟಿ ಕಾಯುತ್ತಿದ್ದಾರಂತೆ, ಭಾನುವಾರದೊಳಗೆ 5 ಲಕ್ಷ ಟೋಕನ್ ಕೇಳುತ್ತಿದ್ದಾರೆ, ಎಷ್ಟು ಏರಿಸಿದರೆ ಮನೆ ನಮಗೆ ಸಿಗುತ್ತದೆ, ಅಥವಾ ಬಿಟ್ಟು ಫ್ಲಾಟ್ ನೋಡಬೇಕಾ ಅಂತ ಕೇಳಿದ್ದೀರಿ.

ಒಂದು ರೂಪಾಯಿಯನ್ನೂ ಏರಿಸಬೇಡಿ. ಭಾನುವಾರ ಟೋಕನ್ನೂ ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

2022ರಲ್ಲಿ ನಾವೂ ಹುಬ್ಬಳ್ಳಿಯ ಅದೇ ಮಗ್ಗಲಲ್ಲಿ ಮನೆ ಹುಡುಕುತ್ತಿದ್ದೆವು. ಉಣಕಲ್ ಹತ್ತಿರ ಬಾಡಿಗೆ ಮನೆ. ಮಗಳು ಶಾಲೆಗೆ ಸೇರುವ ವರ್ಷ. ನೋಡಿದ ಮನೆಗಳೆಲ್ಲ ಕೈ ತಪ್ಪಿ ಹೋಗುತ್ತಿದ್ದವು. ಇವತ್ತು ನೋಡಿ ಬಂದರೆ ನಾಡಿದ್ದು ಫೋನ್ ಮಾಡುವಷ್ಟರಲ್ಲಿ "ಅದು ಹೋತ್ರಿ ಸರ್" ಅನ್ನುತ್ತಿದ್ದರು. ಗದಗ, ಕೊಪ್ಪಳ, ಹಾವೇರಿ ಕಡೆಯವರು ಮಕ್ಕಳ ಓದಿಗೆ, ಆಸ್ಪತ್ರೆಗೆ ಹತ್ತಿರ ಆಗಲಿ ಅಂತ ಇಲ್ಲಿ ಮನೆ ಮಾಡುತ್ತಾರೆ. ಧಾರವಾಡಕ್ಕೆ ಐಐಟಿ ಬಂತು, ಎರಡೂ ಊರಿನ ನಡುವೆ ಚಿಗರಿ ಬಸ್ ಓಡಾಡತೊಡಗಿದವು. ಬೇಡಿಕೆ ಇರುವುದು ಸುಳ್ಳಲ್ಲ. ಆದರೆ ಆ ಬೇಡಿಕೆಯ ಭಯವನ್ನೇ ನಮ್ಮ ಮೇಲೆ ಹೇರಿ ವ್ಯಾಪಾರ ಮುಗಿಸುವವರು ಇದ್ದಾರೆ. ಅದು ನನಗೆ ಆಗ ತಿಳಿಯಲಿಲ್ಲ.

ಏಪ್ರಿಲ್ ಕೊನೆಯ ಒಂದು ಸಂಜೆ ಆ ಮನೆ ನೋಡಿದೆವು. ತೇಗದ ಬಾಗಿಲು, ಗ್ರಾನೈಟ್ ಮೆಟ್ಟಿಲು, ಹಾಲ್‌ನಲ್ಲಿ ಪಿಒಪಿ ಸೀಲಿಂಗ್, ಅದರೊಳಗೆ ಸಾಲಾಗಿ ಲೈಟು. ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ನನ್ನ ಹೆಂಡತಿ ಅಡುಗೆಮನೆ ಕಿಟಕಿಯಲ್ಲಿ ನಿಂತವಳು ಅಲ್ಲಿಂದ ಅಲುಗಾಡಲಿಲ್ಲ. ಏಜೆಂಟ್ ಫೋನ್ ಹಿಡಿದು ಹೊರಗೆ ಹೋಗಿ ಬಂದ. "ಸರ್, ಗದಗದಿಂದ ಒಂದು ಪಾರ್ಟಿ ಬರಾಕತ್ತಾರ. ಕ್ಯಾಶ್ ಪಾರ್ಟಿ. ನೀವು ಇವತ್ತ ಸಂಚಕಾರ ಕೊಟ್ರ ನಿಮ್ದು, ನಾಳೆ ನನ್ನ ಕೈಯಾಗ ಇಲ್ಲ ನೋಡ್ರಿ." ಆ ರಾತ್ರಿಯೇ 3 ಲಕ್ಷ ಹಾಕಿದೆ. ಬಿಲ್ಡರ್ ಹೇಳಿದ್ದಕ್ಕಿಂತ 2 ಲಕ್ಷ ಜಾಸ್ತಿಗೆ ಮಾತು ಮುಗಿಸಿದೆ.

ನಾನು ಮಾಡಿದ ತಪ್ಪು ಇಲ್ಲೇ ಇದೆ. ಅದು 2 ಲಕ್ಷ ಜಾಸ್ತಿ ಕೊಟ್ಟಿದ್ದಲ್ಲ. ಮನೆ ಯಾವ ನೆಲದ ಮೇಲೆ ನಿಂತಿದೆ, ಪಾಯಾ ಎಷ್ಟು ಆಳ ಹೋಗಿದೆ ಅಂತ ಕೇಳಲಿಲ್ಲ. ನಲ್ಲಿ ಯಾವ ಕಂಪನಿಯದು ಅಂತ ಕೇಳಿದೆ, ವೈರಿಂಗ್ ಯಾವುದು ಅಂತ ಕೇಳಿದೆ, ಸಂಪ್ ಎಷ್ಟು ಲೀಟರ್ ಅಂತ ಕೇಳಿದೆ. ನೆಲದ ಮೇಲಿರುವುದನ್ನೆಲ್ಲ ಕೇಳಿದೆ. ಕೆಳಗಿರುವುದನ್ನು ಕೇಳಬೇಕು ಅಂತ ಹೊಳೆಯಲೇ ಇಲ್ಲ. ಹೊಳೆಯದಿರಲು ಕಾರಣವೂ ಇರಲಿಲ್ಲ. ಪಕ್ಕದ ಸೈಟು ಖಾಲಿ ಇತ್ತು. ಬೇಸಿಗೆಗೆ ಆ ನೆಲ ಬಾಯಿ ಬಿಟ್ಟಿತ್ತು. ಮಗಳ ಚಪ್ಪಲಿ ಒಂದು ಸೀಳಿನಲ್ಲಿ ಸಿಕ್ಕಿಕೊಂಡಿತು, ನಾನೇ ಬಗ್ಗಿ ಎಳೆದು ಕೊಟ್ಟೆ. ಅದೇ ಜಾಗದಲ್ಲಿ ನಿಂತು ಮನೆಯ ಫೋಟೊ ತೆಗೆದೆವು. ಆ ಫೋಟೊದ ಕೆಳಗಿನ ಅರ್ಧದಲ್ಲಿ ಕಪ್ಪು ಮಣ್ಣು, ಅದರ ತುಂಬ ಸೀಳು. ನಮ್ಮ ಕಣ್ಣು ಮಾತ್ರ ಮೇಲಿನ ಅರ್ಧದ ಮೇಲೆ.

ಕೇಳಲು ಜನ ಇರಲಿಲ್ಲ ಅಂತಲೂ ಅಲ್ಲ. ನನ್ನ ಮಾವ ನವಲಗುಂದ ಕಡೆಯ ರೈತರು. ಬಸ್ ಹತ್ತಿದರೆ ಬಂದುಬಿಡುತ್ತಿದ್ದರು. "ಒಂದು ದಿನ ತಡೀರಿ, ಅಪ್ಪಾ ಬಂದು ನೋಡಲಿ" ಅಂತ ಹೆಂಡತಿ ಹೇಳಿದಳು ಕೂಡ. ಆ ಒಂದು ದಿನವನ್ನು ನಾನು ಕೊಡಲಿಲ್ಲ. ಮಾವ ಬಂದಿದ್ದು ವಾಸ್ತುಶಾಂತಿಗೇ. ಊಟ ಆದ ಮೇಲೆ ಮನೆಯನ್ನು ಒಂದು ಸುತ್ತು ಹಾಕಿದರು. ಪಕ್ಕದ ಸೈಟಿನಿಂದ ಒಂದು ಹೆಂಟೆ ಎತ್ತಿ ಕೈಯಲ್ಲಿ ಪುಡಿ ಮಾಡಿ ನೋಡಿದರು. "ಅಳಿಯಾರ, ಇದು ಎರಿ ಹೊಲಾ ಇತ್ತಲ್ರಿ? ಪಾಯಾ ಎಷ್ಟು ಆಳ ತಗದಾರ್ರಿ?" ಅಂದರು. ಎರಿ ಅಂದರೆ ಕಪ್ಪು ಮಣ್ಣು. ನನ್ನ ಹತ್ತಿರ ಉತ್ತರ ಇರಲಿಲ್ಲ. ಖರೀದಿ ಪತ್ರ ಆಗಿ ಹೋಗಿತ್ತು.

ಮಿರಗದ ಮಳೆ ಬಿತ್ತು. ಮೊದಲು ಮೇಲಿನ ಕೋಣೆಯ ಬಾಗಿಲು ಹಿಡಿಯತೊಡಗಿತು. ಹೊಸ ಕಟ್ಟಿಗೆ, ಮಳೆಗೆ ಉಬ್ಬಿದೆ ಅಂದುಕೊಂಡು ಬಡಿಗ ಅಂಚು ಹೆರೆದು ಹೋದ. ಆಮೇಲೆ ಹಾಲ್‌ನ ನಡುವಿನ ಟೈಲ್ಸ್ ಮೇಲೆದ್ದವು, ಕಾಲಿಟ್ಟರೆ ಟೊಳ್ಳು ಸದ್ದು. ಮಳೆ ನಿಂತು ಚಳಿಗಾಲ ಕಳೆದು ನೆಲ ಒಣಗುತ್ತಿದ್ದಂತೆ ಅಡುಗೆಮನೆ ಕಿಟಕಿಯ ಮೂಲೆಯಿಂದ ಒಂದು ಬಿರುಕು ಓರೆಯಾಗಿ ಕೆಳಗಿಳಿಯಿತು. ಗಿಲಾವು ಬಿರಿದಿದೆ ಅಷ್ಟೇ ಅಂತ ಬಿಲ್ಡರ್ ಪುಟ್ಟಿ ತುಂಬಿಸಿ ಬಣ್ಣ ಹಚ್ಚಿಸಿದ. ಮುಂದಿನ ಬೇಸಿಗೆಗೆ ಅದೇ ಗೆರೆಯಲ್ಲಿ ಮತ್ತೆ ಬಿಟ್ಟಿತು. ನಾವು ಕರೆಸಿದ ಎಂಜಿನಿಯರ್ ಬಿರುಕಿನ ಎರಡೂ ಬದಿಗೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟು, ಪಕ್ಕದಲ್ಲೇ ತಾರೀಖು ಬರೆದರು. ಮೇ ತಿಂಗಳಲ್ಲಿ ಅದರೊಳಗೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಅದೇ ಜಾಗದಲ್ಲಿ ಪೋಸ್ಟ್‌ಕಾರ್ಡ್ ಕೂಡ ತೂರಲಿಲ್ಲ. ಹೀಗೆ ಮಳೆಗಾಲಕ್ಕೆ ಮುಚ್ಚಿ ಬೇಸಿಗೆಗೆ ಬಿಡುವ ಬಿರುಕು ಗಿಲಾವಿನದಲ್ಲ, ನೆಲದ್ದು ಅಂತ ಅವರು ಹೇಳಿದರು.

ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಇರುತ್ತದೆ. ನೀರು ಬಿದ್ದರೆ ನೆನೆಸಿಟ್ಟ ಕಡಲೆ ಹಾಗೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಮನೆ ಕಟ್ಟಿದ ಮೇಲೆ ನಡುವಿನ ಮಣ್ಣಿಗೆ ಬಿಸಿಲೂ ಮಳೆಯೂ ನೇರವಾಗಿ ತಾಗುವುದಿಲ್ಲ. ಅಂಚಿನ ಮಣ್ಣಿಗೆ ಎರಡೂ ತಾಗುತ್ತವೆ. ಅಂಚು ಒಂದು ಥರ ಏರಿಳಿಯುತ್ತದೆ, ನಡು ಇನ್ನೊಂದು ಥರ. ನಡುವೆ ಗೋಡೆ ತಾಳಲಾರದೆ ಬಿರಿಯುತ್ತದೆ. ಗೋಡೆಯಲ್ಲಿ ಕಿಟಕಿ, ಬಾಗಿಲಿನ ಮೂಲೆಗಳೇ ಬಡವು, ಅದಕ್ಕೇ ಅಲ್ಲಿಂದ ಶುರು.

ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. ಎರಿ ತೆಳುವಾಗಿದ್ದರೆ ಅದನ್ನೆಲ್ಲ ದಾಟಿ ಕೆಳಗಿನ ಗಟ್ಟಿ ಗರಸಿಗೆ (ಕಲ್ಲುಮಿಶ್ರಿತ ಮಣ್ಣಿಗೆ) ಪಾಯಾ ಇಳಿಸುತ್ತಾರೆ. ಎರಿ ತುಂಬ ಆಳ ಇದ್ದರೆ ತಳದಲ್ಲಿ ಗಂಟೆಯ ಆಕಾರಕ್ಕೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಇಳಿಯುವ ಕಾಂಕ್ರೀಟ್ ಕಂಬ, ಹಾಕುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಬೆಳೆಸಿದ ವಿಧಾನ ಅದು. ಭಾರತೀಯ ಮಾನಕ ಐಎಸ್ 2911ರ ಮೂರನೇ ಭಾಗ ಪೂರ್ತಿ ಅದರ ಮೇಲೇ ಇದೆ. ಮೇಲೆ ಪ್ಲಿಂತ್ ಬೀಮ್ (ಪಾಯಾ ಮೇಲೆ ಸುತ್ತ ಹಾಕುವ ಕಾಂಕ್ರೀಟ್ ತೊಲೆ) ಕಟ್ಟಿ, ಮನೆಯೊಳಗೆ ಗರಸು ತುಂಬಿ, ನೀರು ಹಾಕಿ ಗಟ್ಟಿಯಾಗಿ ಕುಟ್ಟಿದರೆ ಮನೆ ನಿಲ್ಲುತ್ತದೆ. ನಮ್ಮ ಮನೆಯ ಹೊರಗೋಡೆಗೆ ತಾಗಿ ಒಂದು ಗುಂಡಿ ತೋಡಿಸಿದಾಗ ಸಿಕ್ಕಿದ್ದು ಮೂರೂವರೆ ಅಡಿ ಕಲ್ಲಿನ ಪಾಯಾ. ಅದರ ಕೆಳಗೂ ಎರಿಯೇ. ಪ್ಲಿಂತ್ ಬೀಮ್ ಇಲ್ಲ. ಹಾಲ್‌ನ ಟೈಲ್ಸ್ ಕಿತ್ತಾಗ ಇನ್ನೂ ಹೊಟ್ಟೆ ಉರಿಯಿತು. ಪಾಯಾ ತೆಗೆದ ಎರಿ ಮಣ್ಣನ್ನೇ ಮತ್ತೆ ಒಳಗೆ ತುಂಬಿದ್ದರು. ಟೈಲ್ಸ್ ಎದ್ದಿದ್ದು ಅದಕ್ಕೇ.

ಸರಿ ಮಾಡಿಸಲು ಸುಮಾರು 7 ಲಕ್ಷ ಹೋಯಿತು. ಒಳಗಿನ ಎರಿ ತೆಗೆದು ಗರಸು ತುಂಬಿಸಿದೆವು. ಎರಡು ಮೂಲೆಯಲ್ಲಿ ಪಾಯಾ ಕೆಳಗೆ ಕಾಂಕ್ರೀಟ್ ಕೊಟ್ಟೆವು. ಮನೆಯ ಸುತ್ತ ಹೊರಗಡೆಗೆ ಇಳಿಜಾರು ಇರುವ ಕಾಂಕ್ರೀಟ್ ಪಟ್ಟಿ ಹಾಕಿ, ಮಾಳಿಗೆಯ ನೀರು ಗೋಡೆ ಬುಡಕ್ಕೆ ಬೀಳದಂತೆ ಪೈಪನ್ನು ಗಟಾರದವರೆಗೆ ಒಯ್ದೆವು. ಈಗ ಬೇಸಿಗೆಯಲ್ಲಿ ಕೂದಲೆಳೆಯಷ್ಟು ಬಿಡುತ್ತದೆ, ಅಷ್ಟೇ.

ಬಿಲ್ಡರ್ ಮೇಲೆ ಕೇಸ್ ಹಾಕಬಹುದಿತ್ತಲ್ವಾ ಅನ್ನುತ್ತೀರಿ. ಮನೆ ಕಟ್ಟಿ ಮಾರುವವರ ಮೇಲೆ ಹಿಡಿತ ಇಡುವ 2016ರ ರೇರಾ ಕಾಯ್ದೆಯಲ್ಲಿ, ಮನೆ ಕೈಗೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು ಅಂತ ಇದೆ. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ, ಅಥವಾ 8ಕ್ಕಿಂತ ಜಾಸ್ತಿ ಮನೆ ಇಲ್ಲದ ಯೋಜನೆಗೆ ರೇರಾ ನೋಂದಣಿ ಕಡ್ಡಾಯ ಅಲ್ಲ. ನಮ್ಮೂರಲ್ಲಿ ಎರಡು ಸೈಟು ತೆಗೆದುಕೊಂಡು ಎರಡು ಮನೆ ಕಟ್ಟಿ ಮಾರುವವರೇ ಜಾಸ್ತಿ. ಅವರಿಗೆ ರೇರಾ ನಂಬರೇ ಇರುವುದಿಲ್ಲ. ನಮ್ಮವನಿಗೂ ಇರಲಿಲ್ಲ. ವಕೀಲರನ್ನು ಕಂಡೆವು. ವರ್ಷಗಟ್ಟಲೆ ಓಡಾಟ, ಅಷ್ಟರೊಳಗೆ ಗೋಡೆ ಕಾಯುವುದಿಲ್ಲ ಅನಿಸಿ ಕೈಬಿಟ್ಟೆವು. ಬ್ಯಾಂಕ್ ಲೋನ್ ಕೊಟ್ಟಿದೆ ಅಂದಮೇಲೆ ಮನೆ ಗಟ್ಟಿ ಅಂತ ನಂಬಬೇಡಿ. ಬ್ಯಾಂಕಿನವರು ಕಾಗದ ನೋಡುತ್ತಾರೆ, ಬೆಲೆ ಕಟ್ಟುತ್ತಾರೆ. ನಮ್ಮ ಮನೆಯ ಪಾಯಾ ಅಗೆದು ಯಾರೂ ನೋಡಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಉಳಿದ ಮೂರು ಜನರನ್ನು ಹೇಗೆ ಹಿಂದಿಕ್ಕುವುದು ಅಂತ ಯೋಚಿಸುವುದನ್ನೇ ಬಿಡಿ. ಅವರು ಇದ್ದಾರೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ, ಇದ್ದರೂ ಅವರು ಕೊಡುವ ಬೆಲೆಯಿಂದ ನಿಮ್ಮ ಗೋಡೆ ಗಟ್ಟಿಯಾಗುವುದಿಲ್ಲ. ಇನ್ನೊಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಎರಿ ನೆಲದಲ್ಲಿ ಹೊಚ್ಚ ಹೊಸ ಮನೆಗಿಂತ ಮೂರು ಮಳೆಗಾಲ ಕಂಡ ಮನೆಯೇ ಮೇಲು ಅನ್ನುವವನು ನಾನು. ಅದರ ದೋಷ ಅಷ್ಟರಲ್ಲಿ ಹೊರಗೆ ಬಂದಿರುತ್ತದೆ, ನೋಡಿ ಬೆಲೆ ಕಟ್ಟಬಹುದು. ಹೊಸ ಮನೆಯೇ ಬೇಕು ಅಂತಿದ್ದರೆ ಇನ್ನೂ ಪ್ಲಿಂತ್ ಮಟ್ಟದಲ್ಲಿರುವುದನ್ನು ಹಿಡಿಯಿರಿ. ಗಿಲಾವು, ಬಣ್ಣ, ಪಿಒಪಿ ಆದ ಮೇಲೆ ಎಂಥ ಎಂಜಿನಿಯರ್ ಬಂದರೂ ಅಗೆಯದೆ ಕೆಳಗೆ ಏನಿದೆ ಅಂತ ಹೇಳಲಾರ. ಧಾರವಾಡದ ಪಡುವಣ ಮಗ್ಗಲಲ್ಲಿ ಮಸಾರಿ (ಕೆಂಪು ಮಣ್ಣಿನ) ನೆಲ ಸಿಗುತ್ತದೆ, ಅಲ್ಲಿ ಈ ಕಾಟ ಕಡಿಮೆ. ಹುಬ್ಬಳ್ಳಿಯಿಂದ ಮೂಡಲಿಗೆ, ನವಲಗುಂದ, ಗದಗ ಕಡೆ ಹೋದಷ್ಟೂ ಎರಿ ಜಾಸ್ತಿ. ನೀವು ನೋಡಿದ ಮನೆ ಇರುವುದು ಆ ಕಡೆಯೇ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಕೆಲವು ದಿನ ಎಲ್ಲರ ಬಾಯಲ್ಲೂ ಪಿಲ್ಲರ್, ಡ್ರಾಯಿಂಗ್, ಕಬ್ಬಿಣದ ಮಾತೇ. ಮೂರು ವರ್ಷದ ಮೇಲೆ ಮನೆ ನೋಡಲು ಹೋದ ನಾನು ಸ್ಟ್ರಕ್ಚರಲ್ ಡ್ರಾಯಿಂಗ್ ತೋರಿಸಿ ಅನ್ನಲಿಲ್ಲ. ನೀವು ಕೇಳಿ. ಕೇಳಿದರೆ ಬಿಲ್ಡರ್ ಮುನಿಸಿಕೊಳ್ಳುತ್ತಾನೆ ಅನ್ನುವ ಸಂಕೋಚ ಬೇಡ.

ಫ್ಲಾಟ್ ಬಗ್ಗೆ ಹೆಚ್ಚು ಹೇಳಲಾರೆ, ನಾನು ಕೊಂಡಿಲ್ಲ. ರೇರಾ ನಂಬರ್ ಇರುವುದಾದರೆ ಮೇಲಿನ 5 ವರ್ಷದ ರಕ್ಷಣೆ ಸಿಗುತ್ತದೆ, ಮತ್ತು ಒಪ್ಪಂದ ನೋಂದಣಿ ಆಗದೆ ಬೆಲೆಯ ಶೇ 10ಕ್ಕಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವ ಹಾಗಿಲ್ಲ. ಇಷ್ಟು ಗೊತ್ತು.

ಕಾಗದದ ವಿಷಯ ಎಲ್ಲರೂ ಹೇಳುತ್ತಾರೆ, ಬೇಗ ಮುಗಿಸುತ್ತೇನೆ. ಎನ್ಎ ಆದೇಶ (ಹೊಲವನ್ನು ಕೃಷಿಯೇತರ ಮಾಡಿದ್ದು), ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಲೇಔಟ್ ನಕ್ಷೆ, ಪಾಲಿಕೆಯ ಕಟ್ಟಡ ಪರವಾನಗಿ, ಇ-ಖಾತಾ, ಹಳೆಯ ಉತಾರ (ಪಹಣಿ), ಇಸಿ (ಋಣಭಾರ ಪತ್ರ). ಇವನ್ನು ಊರಿನ ವಕೀಲರಿಗೆ ತೋರಿಸಿ, ಏಜೆಂಟ್ ತೋರಿಸಿದ ವಕೀಲರಿಗಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ, ಮುದ್ರಾಂಕ ಶುಲ್ಕ ಬೇರೆ. ಬೆಲೆ ಏರಿಸುವ ಮುಂಚೆ ಆ ಲೆಕ್ಕ ಹಾಕಿ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲಿ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ನಿಮ್ಮದು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಪಕ್ಕದ ಮನೆಯವರನ್ನೇ ಕೇಳಿ. ಕೆಲವು ವಾರ್ಡ್‌ಗಳಲ್ಲಿ 24 ಗಂಟೆ ನೀರು, ಪಕ್ಕದ ಬಡಾವಣೆಯಲ್ಲಿ ವಾರ ಕಾಯಬೇಕು. ನಮ್ಮೂರೇ ಹಾಗೆ.

ಭಾನುವಾರ ಹೋಗಿ, ಆದರೆ ಚೆಕ್‌ಬುಕ್ ಮನೆಯಲ್ಲಿಟ್ಟು ಹೋಗಿ. ಜೊತೆಗೆ ಆ ಕಡೆ ಮನೆ ಕಟ್ಟಿದ ಒಬ್ಬ ಹಳೆಯ ಗೌಂಡಿಯನ್ನು ಕರೆದುಕೊಳ್ಳಿ. ಅವನ ದಿನದ ಪಗಾರ ಕೊಟ್ಟರೂ ನಷ್ಟ ಇಲ್ಲ. ಪಾಯಾ ತೆಗೆದಾಗಿನ ಫೋಟೊ ತೋರಿಸಿ ಅಂತ ಬಿಲ್ಡರ್‌ಗೆ ಹೇಳಿ. ಈಗ ಎಲ್ಲರ ಫೋನಿನಲ್ಲೂ ಅಂಥ ಫೋಟೊ ಇರುತ್ತವೆ. ಆಳ ಎಷ್ಟು, ಗರಸು ಸಿಕ್ಕಿತಾ, ಒಳಗೆ ಏನು ತುಂಬಿದ್ದೀರಿ ಅಂತ ಕೇಳಿ, ಉತ್ತರವನ್ನು ಸಂಚಕಾರ ಪತ್ರದಲ್ಲಿ ಬರೆಸಿ. ಅವನೇ ಅದೇ ಸಾಲಿನಲ್ಲಿ ಹಿಂದೆ ಕಟ್ಟಿ ಮಾರಿದ ಮನೆಯ ಬಾಗಿಲು ಬಡಿದು, ಕಿಟಕಿ ಮೂಲೆ ನೋಡಬಹುದಾ ಅಂತ ವಿನಯವಾಗಿ ಕೇಳಿ. ಯಾರೂ ಬೇಡ ಅನ್ನುವುದಿಲ್ಲ. ನಮ್ಮ ಮನೆಗೂ ಹಾಗೆ ಬಂದವರಿಗೆ ಚಹಾ ಕೊಟ್ಟು, ಗೋಡೆಯ ಪೆನ್ಸಿಲ್ ಗುರುತು ತೋರಿಸಿ ಕಳಿಸಿದ್ದೇವೆ. ಬಿಲ್ಡರ್ ಫೋಟೊ ತೋರಿಸದೆ ಗದಗದ ಪಾರ್ಟಿಯ ಕಥೆ ಹೇಳಿದರೆ, ಆ ಮನೆ ಗದಗದವರಿಗೇ ಹೋಗಲಿ ಅಂತ ಬಿಟ್ಟು ಬನ್ನಿ.