ಸದ್ದುಗದ್ದಲ ವರ್ಣಿಸಲು ‘ಲೌಡ್’, ‘ನಾಯ್ಸಿ’ ಬಿಟ್ಟರೆ ಇಂಗ್ಲಿಷಿನಲ್ಲಿ ಬೇರೆ ಯಾವ ಪದಗಳಿವೆ?

ನೀವು ಪದಪಟ್ಟಿ ಕೇಳಿದ್ದೀರಿ. ನನ್ನ ಪ್ರಕಾರ ಮೊದಲು ಬದಲಾಗಬೇಕಾದದ್ದು ವಾಕ್ಯದ ಕಟ್ಟು. ಕನ್ನಡದಲ್ಲಿ ಸದ್ದನ್ನು ಅನುಕರಣಾವ್ಯಯದಲ್ಲಿ ಹೇಳಿ, ‘ಅಂತ’ ಸೇರಿಸಿ, ಕ್ರಿಯಾಪದವನ್ನು ಬೇರೆ ಇಡುತ್ತೇವೆ: ಬಾಗಿಲು ಕಿರ್ರ್ ಅಂತ ತೆರೆಯಿತು, ಚೀಲ ಧೊಪ್ ಅಂತ ಬಿತ್ತು. ಇಂಗ್ಲಿಷಿನಲ್ಲಿ ಸದ್ದೇ ಕ್ರಿಯಾಪದ. ಏನಾಯಿತು, ಎತ್ತ ಹೋಯಿತು ಎಂಬುದು ಅದರ ಬೆನ್ನಿಗೆ ಬರುತ್ತದೆ: ‘ದ ಡೋರ್ ಕ್ರೀಕ್ಡ್ ಓಪನ್’, ‘ದ ಬ್ಯಾಗ್ ಥಡೆಡ್ ಟು ದ ಫ್ಲೋರ್’, ‘ದ ಬಸ್ ರ‍್ಯಾಟಲ್ಡ್ ಡೌನ್ ದ ಹಿಲ್’. ‘ಓಪನ್ಡ್ ವಿತ್ ಎ ಕ್ರೀಕಿಂಗ್ ಸೌಂಡ್’ ತಪ್ಪೇನಲ್ಲ, ಆದರೆ ಪ್ರತಿ ಸಲವೂ ಹೀಗೇ ಬರೆದರೆ ಕನ್ನಡ ವಾಕ್ಯಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ ಹಾಗಿರುತ್ತದೆ.

ಲೋಹ, ಗಾಜಿನ ಸದ್ದಿನಿಂದ ಶುರು ಮಾಡಿ. ಗಾಜಿನ ಲೋಟ, ನಾಣ್ಯ ತಾಗಿದರೆ ಕ್ಲಿಂಕ್. ದಪ್ಪ ಸರಪಳಿಯದು ಕ್ಲ್ಯಾಂಕ್, ಭಾರವಿದೆ, ಮೊಳಗಿಲ್ಲ. ಕಬ್ಬಿಣದ ಗೇಟು ಬಡಿದರೆ ಕ್ಲ್ಯಾಂಗ್. ಬಡಿದ ಮೇಲೂ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಪಾತ್ರೆಗಳ ರಾಶಿಯೇ ಉರುಳಿದರೆ ಕ್ಲ್ಯಾಟರ್. ‘ಇ’ ಸ್ವರ ಸಣ್ಣ ವಸ್ತುವಿಗೆ, ಅಗಲ ಬಾಯಿಯ ಸ್ವರ ದೊಡ್ಡದಕ್ಕೆ. ನಮ್ಮ ಕಿಣಿಕಿಣಿ, ಘಣಘಣಗಳ ಲೆಕ್ಕವೇ. ‘ಕ್ಲ್’ ಥರ ಒಂದೇ ಬಗೆಯ ಅರ್ಥ ಹೊತ್ತು ಹಲವು ಪದಗಳಲ್ಲಿ ಮರಳಿ ಬರುವ ತುಣುಕಿಗೆ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ ‘ಫೋನೆಸ್ಥೀಮ್’ ಎಂದು ಹೆಸರಿಟ್ಟರು.

ನಾವು ಎರಡೆರಡು ಸಲ ಹೇಳುವ ಕಡೆ ಇಂಗ್ಲಿಷ್ ಎಷ್ಟೋ ವೇಳೆ ಕೊನೆಗೆ ‘ಲ್’ ಅಥವಾ ‘ರ್’ ಅಂಟಿಸುತ್ತದೆ. ಕಡ್ಡಿ ಚಟ್ ಅಂತ ಒಮ್ಮೆ ಮುರಿದರೆ ಕ್ರ್ಯಾಕ್, ಒಲೆಯ ಕಟ್ಟಿಗೆ ಚಟಚಟ ಅಂದರೆ ಕ್ರ್ಯಾಕಲ್. ಹೆಂಚಿನ ಮೇಲೆ ಹನಿ ಪಟಪಟ ಬಿದ್ದರೆ ಪ್ಯಾಟರ್. ಕಾದ ಕಾವಲಿಗೆ ನೀರು ಚಿಮುಕಿಸಿದಾಗಿನ ಚುಂಯ್ ಹಿಸ್; ದೋಸೆ ಬೇಯುವಷ್ಟು ಹೊತ್ತೂ ಕೇಳುವುದು ಸಿಝಲ್; ಒಗ್ಗರಣೆಯ ಸಾಸಿವೆ ಸಿಡಿಯುವುದು ಸ್ಪ್ಲಟರ್. ತರಗೆಲೆಯ ಸರಸರಕ್ಕೆ ರಸಲ್. ಬರೆಯುವಾಗ ‘ಟಿ’ ಇದೆ, ಉಚ್ಚಾರದಲ್ಲಿ ಇಲ್ಲ.

ಹೆಚ್ಚು ಗೊಂದಲವಾಗುವುದು ಕೀಚಲು ಸದ್ದುಗಳಲ್ಲಿ. ಇಲಿ, ಹೊಸ ಶೂ: ಸ್ಕ್ವೀಕ್, ಚಿಕ್ಕದು. ಹಂದಿ, ಖುಷಿಯಾದ ಮಕ್ಕಳು: ಸ್ಕ್ವೀಲ್, ಎಳೆದದ್ದು. ಗಕ್ಕನೆ ಬ್ರೇಕ್ ಒತ್ತಿದಾಗಿನ ಕರ್ಕಶ: ಸ್ಕ್ರೀಚ್.

ಗದ್ದಲಕ್ಕೆ ಎಲ್ಲರೂ ‘ಕಕಾಫನಿ’ ತುರುಕುತ್ತಾರೆ, ಪರೀಕ್ಷೆಯ ಪ್ರಬಂಧದಲ್ಲಂತೂ ತಪ್ಪುವುದೇ ಇಲ್ಲ. ಅದು ಒಂದಕ್ಕೊಂದು ಹೊಂದದ ಹಲವು ಸದ್ದುಗಳ ಕಲಸುಮೇಲೋಗರ. ‘ಎ ಕಕಾಫನಿ ಆಫ್ ಹಾರ್ನ್ಸ್’ ಸರಿ, ಒಂದೇ ಹಾರ್ನಿಗೆ ಸಲ್ಲದು. ಒತ್ತು ‘ಕಾ’ ಮೇಲೆ, ‘ಕ್ಯಾಕೊಫೋನಿ’ ಅನ್ನಬೇಡಿ. ಸಂತೆಯ ಗಿಜಿಗಿಜಿಗೆ ಹಬ್ಬಬ್ ಸಾಕು, ಅದರಲ್ಲಿ ದೂರು ಇಲ್ಲ. ಮಾತೇ ಕೇಳಿಸದಂತೆ ಬಿಡದೆ ಅಬ್ಬರಿಸಿದರೆ ಡಿನ್. ಪಕ್ಕದ ಮನೆಯವರ ಮೇಲೆ ಸಿಟ್ಟು ಬಂದಿದ್ದರೆ ರ‍್ಯಾಕೆಟ್. ಕ್ಲ್ಯಾಮರ್‌ನಲ್ಲಿ ಸಾಮಾನ್ಯವಾಗಿ ಒಂದು ಬೇಡಿಕೆ ಇರುತ್ತದೆ.

ಜೋರು ದನಿಗೆ ‘ಹೈ ವಾಯ್ಸ್’ ಅನ್ನುವುದು ನಮ್ಮಲ್ಲಿ ಮಾಮೂಲಿ ತಪ್ಪು. ‘ಹೈ’ ಶ್ರುತಿಗೆ, ‘ಲೌಡ್’ ಜೋರಿಗೆ. ಶ್ರಿಲ್, ಸ್ಟ್ರೈಡೆಂಟ್, ರಾಕಸ್ ಮೂರೂ ದನಿಯನ್ನು ತೆಗಳುವ ಪದಗಳು. ಗಂಭೀರವಾದ ತುಂಬುದನಿಯನ್ನು ಹೊಗಳಬೇಕಾದರೆ ಸೊನೊರಸ್ ಅಥವಾ ರೆಸೊನಂಟ್.

‘ಹರ್ಡ್’ ಜೊತೆ ಬಳಸುವಾಗ ಇನ್ನೊಂದು ಎಚ್ಚರ: ‘ಐ ಹರ್ಡ್ ದ ಡೋರ್ ಸ್ಲ್ಯಾಮ್’ ಅಂದರೆ ಬಾಗಿಲು ಒಮ್ಮೆ ಬಡಿದು ಸುಮ್ಮನಾಯಿತು, ‘ಸ್ಲ್ಯಾಮಿಂಗ್’ ಅಂದರೆ ಗಾಳಿಗೆ ಬಡಿದುಕೊಳ್ಳುತ್ತಲೇ ಇತ್ತು.